ಗಂಟು ಕೈಗೆ ಸಿಕ್ಕ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ತಿಪಟೂರಿನಲ್ಲಿ ನಂದು ಬ್ಲೌಸ್ ಹೊಲಿಯುವ ಅಂಗಡಿ. 2017ರಲ್ಲಿ ಒಂದು ದಿನ ಸ್ನಾನ ಮಾಡುವಾಗ ಎಡಗಡೆ ಮೊಲೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ನೋವಿರಲಿಲ್ಲ. ಮಗಳ ಪಿಯುಸಿ ಪರೀಕ್ಷೆ ಮುಗಿಯಲಿ, ಮದುವೆ ಸೀಸನ್ನಿನ ಬಟ್ಟೆ ಕೊಟ್ಟು ಮುಗಿಸೋಣ ಅಂತ ನಾಲ್ಕು ತಿಂಗಳು ಸುಮ್ನಿದ್ದೆ. ಆಮೇಲೆ ತೋರಿಸಿದ ವೈದ್ಯರು ಮುಟ್ಟಿಯೂ ನೋಡದೆ ಮಾತ್ರೆ ಬರೆದುಕೊಟ್ಟರು. ಇನ್ನೆರಡು ತಿಂಗಳು ಹೋಯಿತು. ಅದು ಸ್ತನ ಕ್ಯಾನ್ಸರ್. ಅಷ್ಟರಲ್ಲಿ ಕಂಕುಳಿಗೂ ಹಬ್ಬಿತ್ತು. ಎಂಟು ಕೀಮೋ (ಕ್ಯಾನ್ಸರ್ ಕೊಲ್ಲುವ ಔಷಧಿ), ಆಪರೇಷನ್, ರೇಡಿಯೇಷನ್ ಎಲ್ಲ ಆಗಿ ಈಗ ಚೆನ್ನಾಗಿದ್ದೇನೆ. ಆದರೆ ನಾನು ಕಳೆದುಕೊಂಡ ಆ ಆರು ತಿಂಗಳನ್ನು ನೀವು ಕಳೆದುಕೊಳ್ಳಬಾರದು.

ನೋವಿಲ್ಲ ಅಂತ ಧೈರ್ಯವಾಗಿರಬೇಡಿ. ಶುರುವಿನಲ್ಲಿ ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ತೊಟ್ಟು ಹೊಸದಾಗಿ ಒಳಗೆ ಎಳೆದುಕೊಂಡರೆ, ರಕ್ತ ಒಸರಿದರೆ, ಚರ್ಮ ಕಿತ್ತಳೆ ಸಿಪ್ಪೆಯ ಹಾಗಾದರೆ, ಕಂಕುಳಲ್ಲಿ ಗಡ್ಡೆ ಸಿಕ್ಕರೆ ಅದೇ ವಾರ ತೋರಿಸಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಅದನ್ನು ಪಕ್ಕದ ಮನೆಯವರಲ್ಲ, ಪರೀಕ್ಷೆ ಹೇಳಬೇಕು.

ವೈದ್ಯರ ಹತ್ತಿರ ಮೂರು ಆಗಲೇಬೇಕು: ಕೈಯಿಂದ ಮುಟ್ಟಿ ನೋಡುವುದು, ಮ್ಯಾಮೋಗ್ರಾಂ (ಮೊಲೆಯ ಎಕ್ಸ್‌ರೇ) ಅಥವಾ ಸ್ಕ್ಯಾನಿಂಗ್, ಅನುಮಾನ ಬಂದರೆ ಸೂಜಿ ಬಯಾಪ್ಸಿ, ಅಂದರೆ ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುವುದು. ಮುಟ್ಟಿ ನೋಡದಿದ್ದರೆ ನೀವೇ ಕೇಳಿ, ಸಂಕೋಚ ಬೇಡ. ಸೂಜಿ ಚುಚ್ಚಿದರೆ ಕಾಯಿಲೆ ಹರಡುತ್ತದೆ ಅಂತ ನಮ್ಮತ್ತೆ ಹೆದರಿದ್ದರು. ಹಾಗೇನೂ ಇಲ್ಲ. ಕ್ಯಾನ್ಸರ್ ಅಂತ ಬಂದರೆ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್2 ಬರೆದಿದೆಯಾ ನೋಡಿ. ಮೊದಲೆರಡು ಗಂಟು ಹಾರ್ಮೋನಿನಿಂದ ಬೆಳೆಯುತ್ತದಾ ಅಂತ ಹೇಳುತ್ತವೆ, ಹರ್2 ಅನ್ನುವುದು ಗಂಟನ್ನು ಬೆಳೆಸುವ ಒಂದು ಪ್ರೋಟೀನ್. ಯಾವ ಔಷಧಿ ನಾಟುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ. ತೋರಿಸಿದ 60 ದಿನದೊಳಗೆ ಕಾಯಿಲೆ ಏನು ಅಂತ ಗೊತ್ತಾಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇಷ್ಟು ಅವಸರ ಯಾಕೆ? ಅಮೆರಿಕದ ಲೆಕ್ಕ ನೋಡಿ. ಮೊಲೆಯಲ್ಲೇ ಇರುವಾಗ ಸಿಕ್ಕರೆ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 99. ಕಂಕುಳಿಗೆ ಬಂದ ಮೇಲೆ 87ರ ಆಸುಪಾಸು. ಮೂಳೆ, ಶ್ವಾಸಕೋಶಕ್ಕೆ ಹೋದ ಮೇಲೆ 32ರ ಆಸುಪಾಸು. ನಮ್ಮ ದೇಶದಲ್ಲಿ ಎಲ್ಲ ಸ್ಟೇಜ್ ಸೇರಿಸಿದರೆ ಸುಮಾರು 66. ನಮ್ಮಲ್ಲಿ ತಡವಾಗಿ ಬರುವವರೇ ಜಾಸ್ತಿ, ಅಲ್ವಾ?

ಗಂಟು ಇಲ್ಲದಿದ್ದರೂ 30 ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳಬಹುದು. ಮುಂಬೈಯಲ್ಲಿ ನಡೆದ ಒಂದು ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಪರೀಕ್ಷೆ ಮಾಡಿದರು. 50 ದಾಟಿದ ಹೆಂಗಸರಲ್ಲಿ ಈ ಕಾಯಿಲೆಯ ಸಾವು ನೂರಕ್ಕೆ ಸುಮಾರು 30ರಷ್ಟು ಇಳಿಯಿತು. ಬರೀ ಕೈಯಿಂದ!

ಇನ್ನು ಚಿಕಿತ್ಸೆ. ಎರಡು ಕೀಮೋಗೆ ಗಂಟು ಕರಗಿತು ಅಂತ ಮನೆಗೆ ಹೋದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಅವರು ವಾಪಸ್ ಬಂದಾಗ ಕಾಯಿಲೆ ದೊಡ್ಡದಾಗಿತ್ತು. ನನಗೆ 21 ದಿನಕ್ಕೊಂದು ಕೀಮೋ. ದಿನಾಂಕಗಳನ್ನು ಹೊಲಿಗೆ ಮೆಷಿನ್ ಎದುರಿನ ಗೋಡೆಗೆ ಅಂಟಿಸಿದ್ದೆ. ಒಂದನ್ನೂ ತಪ್ಪಿಸಲಿಲ್ಲ. ಹಾರ್ಮೋನ್ ತಡೆಯುವ ಮಾತ್ರೆ ಕೊಟ್ಟರೆ ಐದು ವರ್ಷವೋ ಜಾಸ್ತಿಯೋ, ವೈದ್ಯರು ಹೇಳುವ ತನಕ ನಿಲ್ಲಿಸಬೇಡಿ.

ಮೊದಲ ದಿನವೇ ಆಧಾರ್, ರೇಷನ್ ಕಾರ್ಡ್ ತೆಗೆದುಕೊಂಡು ಹೋಗಿ, ಚಿಕಿತ್ಸೆಯ ಖರ್ಚಿಗೆ ನೆರವಾಗುವ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರಿನಲ್ಲಿ ಕೇಳಿ. ಬೆಂಗಳೂರಿಗೆ ಓಡಾಡುವವರಿಗೆ ಇನ್ನೊಂದು ಮಾತು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ರಿಯಾಯಿತಿ ಇದೆ. ಆಸ್ಪತ್ರೆಯಿಂದ ಸರ್ಟಿಫಿಕೇಟ್ ಬರೆಸಿಕೊಂಡು ಫೈಲಿನಲ್ಲಿ ಇಟ್ಟುಕೊಳ್ಳಿ.