ಕಾಫಿ ಕಣದಲ್ಲಿ ನಿಂತು ಅಗಸ್ತ್ಯನನ್ನು ಹುಡುಕುವುದು ಹೇಗೆ?

ಚಿಕ್ಕಮಗಳೂರಲ್ಲಿ ನಕ್ಷತ್ರ ನೋಡಬೇಕು ಅಂದರೆ ಸಾಕು, ಎಲ್ಲರೂ ಮುಳ್ಳಯ್ಯನಗಿರಿ ಕಡೆ ಕೈ ತೋರಿಸುತ್ತಾರೆ. ಅಗಸ್ತ್ಯ (ಕ್ಯಾನೋಪಸ್) ಅನ್ನುವ ನಕ್ಷತ್ರಕ್ಕೆ ಗಿರಿ ಹತ್ತಬೇಕಿಲ್ಲ. ದಕ್ಷಿಣಕ್ಕೆ ಸಿಲ್ವರ್ ಮರಗಳು ಅಡ್ಡ ಬರದ ಕಾಫಿ ಕಣ ಇದ್ದರೆ ಆಯಿತು. ದೂರದರ್ಶಕವೂ ಬೇಡ. ಅಳೆಯೋಕೆ ನಿಮ್ಮ ಮುಷ್ಟಿ ಇದೆಯಲ್ಲ.

ಫೆಬ್ರವರಿ ಒಳ್ಳೆಯ ಕಾಲ. ತಿಂಗಳ ಹತ್ತನೇ ತಾರೀಕಿನ ಆಸುಪಾಸು ರಾತ್ರಿ ಒಂಬತ್ತೂವರೆಗೆ, ಕೊನೆಯ ವಾರದಲ್ಲಿ ಎಂಟೂವರೆಗೆ ಅಗಸ್ತ್ಯ ನೇರ ದಕ್ಷಿಣಕ್ಕೆ ಬರುತ್ತದೆ. ದಿನಕ್ಕೆ ನಾಲ್ಕು ನಿಮಿಷ ಬೇಗ. ಕಾಫಿಗೆ ಟಾರ್ಪಾಲ್ ಮುಚ್ಚಿ, ಕಣದ ಲೈಟ್ ಆರಿಸಿ, ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ.

ಮೊದಲು ತಲೆ ಎತ್ತಿ. ಸಾಲಾಗಿ ಮೂರು ಚುಕ್ಕಿ ಕಾಣುತ್ತವೆ, ಅದು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿ. ಆ ಗೆರೆಯನ್ನೇ ಎಡಕ್ಕೆ, ಕೆಳಕ್ಕೆ ಎಳೆದರೆ ಲುಬ್ಧಕ (ಸಿರಿಯಸ್). ರಾತ್ರಿಯ ಆಕಾಶದಲ್ಲಿ ಅದಕ್ಕಿಂತ ಹೊಳೆಯುವ ನಕ್ಷತ್ರ ಇನ್ನೊಂದಿಲ್ಲ. ಈಗ ಕೈ ಪೂರ್ತಿ ಚಾಚಿ ಮುಷ್ಟಿ ಕಟ್ಟಿ, ಲುಬ್ಧಕದಿಂದ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿಯಿರಿ. ಬಿಳಿಯಾಗಿ ಒಂಟಿಯಾಗಿ ಹೊಳೆಯುವುದೇ ಅಗಸ್ತ್ಯ, ಹೊಳಪಿನಲ್ಲಿ ಎರಡನೆಯದು.

ಹಾಸನದಲ್ಲಾಗಲಿ ಇಲ್ಲಾಗಲಿ, ಅದು ದಿಗಂತದಿಂದ ಸುಮಾರು 24 ಡಿಗ್ರಿ, ಅಂದರೆ ಎರಡೂವರೆ ಮುಷ್ಟಿ ಮೇಲಿರುತ್ತದೆ. ದೆಹಲಿಯವರಿಗೆ ಒಂದು ಮುಷ್ಟಿಯೂ ಸಿಗುವುದಿಲ್ಲ. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ!

ನಾನು ಮೊದಲ ಸಲ ಎದುರು ಗುಡ್ಡದ ಎಸ್ಟೇಟಿನ ಬಲ್ಬನ್ನೇ ಅಗಸ್ತ್ಯ ಅಂತ ಅರ್ಧ ಗಂಟೆ ನೋಡಿದ್ದೆ. ಮನೆಯವರಿಗೂ ಕರೆದು ತೋರಿಸಿದ್ದೆ! ಹಾಗಾಗಬಾರದು ಅಂದರೆ ಚುಕ್ಕಿಯನ್ನು ಯಾವುದಾದರೂ ಕೊಂಬೆಯ ತುದಿಗೆ ತಾಗಿಸಿ, ನಿಂತ ಜಾಗಕ್ಕೆ ಕಲ್ಲಿಡಿ. ಕಾಲು ಗಂಟೆ ಬಿಟ್ಟು ಅಲ್ಲೇ ನಿಂತು ನೋಡಿ. ನಕ್ಷತ್ರವಾದರೆ ಚಾಚಿದ ಕೈಯ ಹೆಬ್ಬೆರಳಿನ ಅಗಲದಷ್ಟು ಬಲಕ್ಕೆ ಸರಿದಿರುತ್ತದೆ. ಬಲ್ಬು ಎಲ್ಲಿಗೆ ಹೋಗುತ್ತೆ?

ಲುಬ್ಧಕ ಹೆಚ್ಚು ಹೊಳೆಯುವುದಕ್ಕೆ ಕಾರಣ ಅದು ನಮಗೆ ಹತ್ತಿರ ಇರುವುದು, ಬರೀ 8.6 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಅಗಸ್ತ್ಯ ಸುಮಾರು 310 ಜ್ಯೋತಿರ್ವರ್ಷ ದೂರ. ಬಾಬಾಬುಡನ್ ಇಲ್ಲಿಗೆ ಕಾಫಿ ಬೀಜ ತಂದರು ಅನ್ನುವ ಕಾಲದ ಸ್ವಲ್ಪ ಈಚೆಗೆ ಹೊರಟ ಬೆಳಕು ಈಗ ನಿಮ್ಮ ಕಣ್ಣಿಗೆ ಬಿದ್ದಿದೆ. ಅಷ್ಟು ದೂರದಿಂದಲೂ ಹೀಗೆ ಹೊಳೆಯಬೇಕಾದರೆ ಗಾತ್ರ ಎಷ್ಟಿರಬೇಕು? ಸೂರ್ಯನ 70 ಪಟ್ಟು ಅಗಲ, ಬೆಳಕು 10,000 ಪಟ್ಟಿಗೂ ಜಾಸ್ತಿ. 1964ರಲ್ಲಿ ಮಂಗಳನತ್ತ ಹೊರಟ ಮ್ಯಾರಿನರ್ 4 ನೌಕೆ ದಿಕ್ಕು ತಪ್ಪದಂತೆ ಕಣ್ಣಿಟ್ಟಿದ್ದು ಇದೇ ನಕ್ಷತ್ರದ ಮೇಲೆ.

ಫೆಬ್ರವರಿ ತಪ್ಪಿತಾ? ಏಪ್ರಿಲ್ ಮಧ್ಯದವರೆಗೂ ಸಂಜೆ ಏಳೂವರೆಗೆ, ದಕ್ಷಿಣದಿಂದ ಸ್ವಲ್ಪ ಬಲಕ್ಕೆ, ಎರಡು ಮುಷ್ಟಿ ಎತ್ತರದಲ್ಲಿ ಸಿಗುತ್ತದೆ. ಆದರೆ ಕಾಫಿ ಹೂ ಅರಳಿಸುವ ಹೂಮಳೆಗೆ ಮೋಡ ಕಟ್ಟಿದ ದಿನ ಮಾತ್ರ ಈ ಊರಲ್ಲಿ ಅಗಸ್ತ್ಯನನ್ನು ಕೇಳುವವರು ಯಾರೂ ಇರುವುದಿಲ್ಲ.