ಕಲಬುರಗಿಯ ಮೊದಲ ಬೇಸಿಗೆ: ಹೊಸಬರಿಗೆ ಮಾರ್ಗದರ್ಶಿ

ಕೊಡಗಿನಿಂದ ವರ್ಗವಾಗಿ ಬಂದವರು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕವರು, ತಣ್ಣನೆಯ ದೇಶಗಳಲ್ಲಿ ವರ್ಷಗಟ್ಟಲೆ ಇದ್ದು ಮರಳಿದವರು. ನಮ್ಮ ಕನ್ನಡ ಸಂಘಕ್ಕೆ ಬರುವ ಹೊಸ ಮನೆಯವರೆಲ್ಲ ಮೊದಲು ಕೇಳುವುದು ಒಂದೇ ಮಾತು: ಈ ಬಿಸಿಲು ಹೇಗೆ ತಡೆಯೋದು? ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಸುಳ್ಳು ಹೇಳಿ ಸಮಾಧಾನ ಮಾಡೋದಿಲ್ಲ. ಆದರೆ ಎಸಿ ಅಂಗಡಿಗೆ ಓಡುವ ಮೊದಲು ನಿಮ್ಮ ದಿನಚರಿ ಬದಲಿಸಿ. ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಸರ್ಕಾರವೂ ಅದನ್ನೇ ಮಾಡುತ್ತದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಸಮಯ ಬದಲಿಸುವ ರೂಢಿ ಇದೆ. ಬೆಂಗಳೂರಿನ ಅಭ್ಯಾಸದಲ್ಲಿ ಊಟ ಮುಗಿಸಿ ಹೋದರೆ ಬೀಗ ನೋಡಿಕೊಂಡು ಬರಬೇಕಾಗುತ್ತದೆ. ಕಾಗದಪತ್ರದ ಕೆಲಸ, ತರಕಾರಿ, ವಾಕಿಂಗ್ ಎಲ್ಲ ಹೊತ್ತು ಏರುವುದರೊಳಗೆ ಮುಗಿಸಿ. 12ರಿಂದ 4ರವರೆಗೆ ಮನೆಯಲ್ಲಿರಿ. ಬಟ್ಟೆ, ಪಾತ್ರೆ ಖರೀದಿಗೆ ಸೂಪರ್ ಮಾರ್ಕೆಟ್ (ಇಲ್ಲಿನ ಪೇಟೆಯ ಹೆಸರೇ ಅದು) ಕಡೆ ಸಂಜೆ ಹೋಗಿ. ಮೈ ಈ ಕಾವಿಗೆ ಒಗ್ಗಲು ಒಂದೆರಡು ವಾರ ಬೇಕು. ಬಂದ ಮೊದಲ ವಾರವೇ ಬಿಸಿಲಲ್ಲಿ ಮನೆ ಹುಡುಕುತ್ತ ತಿರುಗಬೇಡಿ.

ಮನೆ ಅಂದಾಗ ನೆನಪಾಯಿತು. ಬಾಡಿಗೆ ಕಡಿಮೆ ಅಂತ ಮೇಲಿನ ಮಹಡಿ ಹಿಡಿಯಬೇಡಿ. ಇಡೀ ದಿನ ಕಾದ ಆರ್‌ಸಿಸಿ ಛಾವಣಿ ರಾತ್ರಿಯೆಲ್ಲ ಕಾವು ಬಿಡುತ್ತಿರುತ್ತದೆ. ನೆಲಮಹಡಿ ಸಿಕ್ಕರೆ ಒಳ್ಳೆಯದು. ಮಲಗುವ ಕೋಣೆ ಪಶ್ಚಿಮಕ್ಕಿದೆಯಾ ಅಂತ ನೋಡಿ, ಸಂಜೆ ಬಿಸಿಲು ಹೊಡೆಯುವ ಗೋಡೆ ಸುಡುತ್ತಿರುತ್ತದೆ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ ಹಳೆಯ ಮನೆ ಸಿಕ್ಕರೆ ನಿಮ್ಮ ಅದೃಷ್ಟ. ಮಧ್ಯಾಹ್ನ ಬರೀ ನೆಲದ ಮೇಲೆ ಮಲಗಿ ನೋಡಿ, ಗೊತ್ತಾಗುತ್ತದೆ. ಮೇಲೇ ಇರಬೇಕಾಗಿ ಬಂದರೆ ಮಾಲೀಕರನ್ನು ಕೇಳಿ ಮಾಳಿಗೆಗೆ ಬಿಳಿ ಸುಣ್ಣ ಬಳಿಸಿ.

ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತೇ ಇರುವುದಿಲ್ಲ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನದ ಹೊತ್ತಿಗೆ ಕೈ ಸುಡುವಷ್ಟು ಕಾದಿರುತ್ತದೆ. ಬೆಳಿಗ್ಗೆಯೇ ಎರಡು ಬಕೆಟ್ ತುಂಬಿ ಬಚ್ಚಲಲ್ಲಿ ಮುಚ್ಚಿಡಿ. ಸಂಜೆ ಮಕ್ಕಳ ಸ್ನಾನಕ್ಕೆ ಅದೇ ನೀರು. ನಳದ ಕೆಳಗೆ ಮಗುವನ್ನು ನಿಲ್ಲಿಸುವ ಮುಂಚೆ ನಿಮ್ಮ ಕೈ ಒಡ್ಡಿ ನೋಡಿ.

ಈಗ ಕೂಲರ್ ವಿಷಯ. ಇಲ್ಲಿನ ಬೇಸಿಗೆ ಗಾಳಿ ಒಣ ಗಾಳಿ, ಅದಕ್ಕೇ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಆವಿಯಾಗುವಾಗ ಗಾಳಿಯ ಕಾವು ಹೀರಿಕೊಳ್ಳುತ್ತದೆ, ಅಷ್ಟೇ ಗುಟ್ಟು. ಎಸಿ ಹಾಗೆ ಕಿಟಕಿ ಬಾಗಿಲು ಮುಚ್ಚಿ ಕೂತರೆ ಕೋಣೆ ತೇವವಾಗಿ ಮೈ ಅಂಟಂಟು ಆಗುತ್ತದೆ. ಕೂಲರನ್ನು ಕಿಟಕಿಗೆ ಹೊರಗಿನಿಂದ ಗಾಳಿ ಎಳೆಯುವಂತೆ ಇಟ್ಟು ಎದುರಿನ ಬಾಗಿಲು ತುಸು ತೆರೆದಿಡಿ. ಗಡಸು ನೀರಾದರೆ ಕೂಲರಿನಲ್ಲಿ ನೀರು ಇಳಿಯುವ ಹುಲ್ಲಿನ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಹಾಗಾದಾಗ ತೊಳೆಯಿರಿ, ತೀರಾ ಕಟ್ಟಿದ್ದರೆ ಹುಲ್ಲು ಬದಲಿಸಿ. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ತೊಟ್ಟಿ ಉಜ್ಜಿ ಒಣಗಿಸಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಲ್ಲೇ. ಮಳೆಗಾಲದಲ್ಲಿ ಕೂಲರ್ ಉಪಯೋಗಕ್ಕೆ ಬರುವುದಿಲ್ಲ, ಒಣಗಿಸಿ ಕಟ್ಟಿಡಿ. ಕರೆಂಟ್ ಹೋದರೆ ಜೆಸ್ಕಾಂ ಸಹಾಯವಾಣಿ 1912.

ಕುಡಿಯಲು ಫ್ರಿಜ್ ನೀರಿಗಿಂತ ಗಡಿಗೆ ನೀರು ಹಿತ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಜೊತೆಗೆ ಮಜ್ಜಿಗೆ. ಬೆಳಿಗ್ಗೆ ಅಂಬಲಿ ಕುಡಿದು ಹೊರಟರೆ ಮಧ್ಯಾಹ್ನದವರೆಗೆ ಹೊಟ್ಟೆ ತಣ್ಣಗಿರುತ್ತದೆ. ಜೇಬಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಝಳ ಬಡಿಯೋದಿಲ್ಲ ಅಂತ ಹಿರಿಯರು ಹೇಳುತ್ತಾರೆ. ಇಟ್ಟುಕೊಳ್ಳಿ, ಬೇಡ ಅನ್ನಲ್ಲ. ತಲೆಗೆ ಒದ್ದೆ ಟವೆಲ್ ಮಾತ್ರ ಮರೆಯಬೇಡಿ.

ತಲೆನೋವು, ವಾಕರಿಕೆ, ವಿಪರೀತ ಬೆವರು, ಸುಸ್ತು ಕಂಡರೆ ನೆರಳಿಗೆ ಬಂದು ಓಆರ್‌ಎಸ್ ಕುಡಿಯಿರಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮೈ ಕೆಂಡದಂತೆ ಸುಡುತ್ತಿದ್ದು ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಅದು ಮನೆಮದ್ದಿನ ಹೊತ್ತಲ್ಲ. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರು ಬೇಸಿಗೆಗೆ ಮುಂಚೆಯೇ ಡಾಕ್ಟರರ ಹತ್ತಿರ ಮಾತ್ರೆಗಳ ಬಗ್ಗೆ ಮಾತಾಡಿಬಿಡಲಿ.

ಇಲ್ಲಿನ ಜನರ ಬಗ್ಗೆ ಹೆದರಿಕೆ ಬೇಡ. ಮಾತು ಜೋರು ಅನ್ನಿಸಬಹುದು, ಅದು ಜಗಳವಲ್ಲ. "ಬರ್ರಿ ಅಕ್ಕಾರ, ಬಿಸಲಾಗ ಬಂದೀರಿ, ಮೊದ್ಲ ನೀರ ಕುಡೀರಿ" ಅಂತ ಗುರುತಿಲ್ಲದ ಅಂಗಡಿಯವರೇ ಕರೆದಾರು. ನೀವೂ ಮಾತಿಗೊಂದು "ರೀ" ಸೇರಿಸಿದರೆ ಸಾಕು. ಪೇಟೆಯಲ್ಲಿ ಕನ್ನಡದ ಜೊತೆ ದಖ್ಖನಿ ಉರ್ದು ಕಿವಿಗೆ ಬೀಳುತ್ತದೆ, ಎರಡರಲ್ಲೂ ವ್ಯಾಪಾರ ನಡೆಯುತ್ತದೆ. ಹೋಳಿ ಆದಮೇಲೆ ಶರಣಬಸವೇಶ್ವರ ಜಾತ್ರೆ ಬರುತ್ತದೆ. ತೇರು ಎಳೆಯುವುದು ಸಂಜೆ, ಮಕ್ಕಳನ್ನು ಕರೆದುಕೊಂಡು ಹೋಗಲು ಅಡ್ಡಿಯಿಲ್ಲ. ನೀರಿನ ಬಾಟಲಿ ಇರಲಿ, ಗದ್ದಲದಲ್ಲಿ ಕೈ ಬಿಡಬೇಡಿ.

ಸ್ವೆಟರ್ ಎಲ್ಲ ಊರಲ್ಲೇ ಬಿಟ್ಟು ಬಂದಿದ್ದೀರಾ? ತರಿಸಿಕೊಳ್ಳಿ. ಡಿಸೆಂಬರ್ ರಾತ್ರಿಗಳು ಚಳಿ ಹಿಡಿಸುತ್ತವೆ, ಬೀದರ್ ಕಡೆ ಇನ್ನೂ ಜಾಸ್ತಿ. ಎಳ್ಳ ಅಮಾವಾಸ್ಯೆಯೂ ಆ ಚಳಿಗಾಲದಲ್ಲೇ. ನೆರೆಯವರು ಹೊಲಕ್ಕೆ ಕರೆದರೆ ಸಂಕೋಚ ಮಾಡದೆ ಹೋಗಿ. ಚರಗ ಚೆಲ್ಲಿದ ಮೇಲೆ, ಅಂದರೆ ಹೊಲಕ್ಕೆ ಎಡೆ ಅರ್ಪಿಸಿದ ಮೇಲೆ, ಭಜ್ಜಿ (ಕರಿದದ್ದಲ್ಲ, ಕಾಳು-ತರಕಾರಿ ಪಲ್ಯ), ಸಜ್ಜೆ ರೊಟ್ಟಿ ಬಡಿಸುತ್ತಾರೆ, ಬೇಡ ಅಂದರೂ ಮತ್ತೆ ಹಾಕುತ್ತಾರೆ. ಬೆಳಿಗ್ಗೆ ತಿಂಡಿ ಕಡಿಮೆ ಮಾಡಿ ಹೊರಡಿ.