ಮೊದಲ ಬಲ್ಬು ಕರೆಂಟು ತಿನ್ನುತ್ತದೆಯೇ?

ನಾನು ಓದಿದ್ದು ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಪಿಯುಸಿ ಮುಗಿದ ಮೇಲೆ ಭೌತಶಾಸ್ತ್ರದ ಪುಸ್ತಕ ಮುಟ್ಟಿದವಳಲ್ಲ. ಆದರೆ ಹುನಗುಂದ ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ವಿಜ್ಞಾನಕ್ಕೆ ಇರುವವಳು ನಾನೊಬ್ಬಳೇ. ಹತ್ತನೇ ತರಗತಿಯ ವಿದ್ಯುಚ್ಛಕ್ತಿಯ ಪಾಠ ಬಂದರೆ ಸೂತ್ರ ಬರೆಸಿ, ಲೆಕ್ಕ ಮಾಡಿಸಿ ಮುಂದೆ ಸಾಗುತ್ತಿದ್ದೆ.

ಒಂದು ದಿನ ಸರಣಿ ಜೋಡಣೆಯ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೊಂದು ಬಲ್ಬು ಜೋಡಿಸುವುದರ, ಚಿತ್ರ ಬಿಡಿಸುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತಳು. “ಟೀಚರ್, ಮೊದಲ ಬಲ್ಬು ಕರೆಂಟು ತಿಂದು ಮಿಕ್ಕಿದ್ದನ್ನು ಎರಡನೆಯದಕ್ಕೆ ಬಿಡುತ್ತದೆಯೇ?” ಇಲ್ಲ, ವಿದ್ಯುತ್ ಪ್ರವಾಹ ಎಲ್ಲ ಕಡೆ ಒಂದೇ ಎಂದೆ. “ಹಾಗಾದರೆ ಬಲ್ಬು ಉರಿಯುವುದು ಯಾವುದರಿಂದ?” ಎಂದಳು. ಅವಳಿಗೆ ಒಪ್ಪಿಗೆಯಾಗುವ ಉತ್ತರ ನನ್ನ ಬಳಿ ಇರಲಿಲ್ಲ. ಪ್ರವಾಹ ಅಳೆದು ತೋರಿಸೋಣವೆಂದರೆ ಪ್ರಯೋಗಾಲಯದ ಅಮ್ಮೀಟರಿನ ಮುಳ್ಳು ಎಂದೋ ಕೆಟ್ಟು ನಿಂತಿತ್ತು.

ಪಕ್ಕದ ಊರಿನ ಶಾಲೆಯಲ್ಲಿ ಗಣಿತ ಕಲಿಸುವ ಸರ್ ಒಬ್ಬರಿಗೆ ಫೋನ್ ಮಾಡಿದೆ. ಅವರು ಫೆಟ್ ಎಂಬ ತಾಣವನ್ನು ತೋರಿಸಿಕೊಟ್ಟರು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಅದು. ಪರದೆಯ ಮೇಲೆ ತಂತಿ, ಬ್ಯಾಟರಿ, ಬಲ್ಬು ಜೋಡಿಸಿದರೆ ಎಲೆಕ್ಟ್ರಾನುಗಳು ಓಡುವುದು ಕಣ್ಣಿಗೆ ಕಾಣುತ್ತದೆ. ಪೂರ್ತಿ ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮಂಥ ಊರಿಗೆ ಇದು ದೊಡ್ಡ ಅನುಕೂಲ. ಎರಡು ರಾತ್ರಿ ಅದರ ಮುಂದೆಯೇ ಕುಳಿತೆ. ಬಲ್ಬಿನ ಮುಂದೆ, ಹಿಂದೆ, ಎಲ್ಲಿ ಅಮ್ಮೀಟರ್ ಇಟ್ಟರೂ ಒಂದೇ ಅಂಕಿ ಬಂತು. ನಾನು ಇಷ್ಟು ವರ್ಷ ಬಾಯಿಪಾಠದಿಂದ ಹೇಳುತ್ತಿದ್ದದ್ದು ಆಗ ನನಗೇ ನಿಜವಾಯಿತು.

ಆದರೂ ಪರದೆಯೊಂದರಿಂದಲೇ ಮಕ್ಕಳಿಗೆ ತೃಪ್ತಿಯಾಗಲಾರದು ಎನಿಸಿ ಇಳಕಲ್ಲಿನ ಪೇಟೆಯಿಂದ ಟಾರ್ಚಿನ ಬಲ್ಬು, ಶೆಲ್ಲು ಮತ್ತು ಒಂದು ಅಗ್ಗದ ಮಲ್ಟಿಮೀಟರ್ ತಂದೆ. ಎರಡು ಬಲ್ಬುಗಳನ್ನು ಸರಣಿಯಲ್ಲಿ ಹಾಕಿದಾಗ ಎರಡನೆಯದು ಮಂಕಾಗಿ ಉರಿಯಿತು. “ನೋಡಿ ಟೀಚರ್, ಮೊದಲಿನದು ತಿಂದಿತು!” ಎಂದು ತರಗತಿಯೇ ಕೂಗಿತು. ಒಂದು ಕ್ಷಣ ನನ್ನ ಎದೆ ಧಸಕ್ಕೆಂದಿತು. ಪ್ರಶ್ನೆ ಕೇಳಿದ ಆ ಹುಡುಗಿಯೇ ಮುಂದೆ ಬಂದು ಬಲ್ಬುಗಳ ಜಾಗ ಅದಲು ಬದಲು ಮಾಡಿದಳು. ಮಂಕು ಬಲ್ಬು ಮೊದಲ ಜಾಗಕ್ಕೆ ಬಂದರೂ ಮಂಕಾಗಿಯೇ ಉಳಿಯಿತು. ವ್ಯತ್ಯಾಸವಿದ್ದದ್ದು ಬಲ್ಬುಗಳ ರೋಧದಲ್ಲಿ, ಅಂದರೆ ಅವು ಪ್ರವಾಹಕ್ಕೆ ಒಡ್ಡುವ ತಡೆಯಲ್ಲಿ, ಅವು ಕುಳಿತ ಜಾಗದಲ್ಲಲ್ಲ. ಬಲ್ಬುಗಳ ಮುಂದೆ, ನಡುವೆ, ಹಿಂದೆ, ಮೂರೂ ಕಡೆ ಮಲ್ಟಿಮೀಟರ್ ಒಂದೇ ಪ್ರವಾಹ ತೋರಿಸಿತು. ಸೈಕಲ್ಲಿನ ಚೈನು ಚಕ್ರಕ್ಕೆ ಶಕ್ತಿ ಮುಟ್ಟಿಸುತ್ತದೆ, ಆದರೆ ಚೈನೇ ಖರ್ಚಾಗಿ ಹೋಗುವುದಿಲ್ಲವಲ್ಲ, ಪ್ರವಾಹವೂ ಬಲ್ಬಿಗೆ ಹಾಗೆಯೇ ಶಕ್ತಿ ಮುಟ್ಟಿಸುತ್ತದೆ ಎಂದು ಆಮೇಲೆ ಹೇಳಿದೆ. ಅವಳು ತಲೆಯಾಡಿಸಿದಳು.

ತರಬೇತಿಗಳಿಗೂ ಹೋಗಿದ್ದೇನೆ. ವರ್ಷಕ್ಕೆ ಐವತ್ತು ಗಂಟೆ ವೃತ್ತಿಪರ ಕಲಿಕೆ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಸರ್ಕಾರದ ಕಲಿಕಾ ತಾಣವಾದ ದೀಕ್ಷಾದಲ್ಲಿ ಶಿಕ್ಷಕರಿಗೆಂದು ಇರುವ ನಿಷ್ಠಾ ಕೋರ್ಸುಗಳನ್ನು ಮುಗಿಸಿ ಪ್ರಮಾಣಪತ್ರ ಪಡೆದೆ, ಅವುಗಳಿಂದ ಉಪಯೋಗವಾಗಿದೆ. ಆದರೆ ಇಡೀ ದಿನ ಒಬ್ಬರು ಸ್ಲೈಡು ಓದುವ, ನಾವು ಕೇಳುತ್ತ ಕೂರುವ ತರಬೇತಿಯಿಂದ ತರಗತಿಗೆ ಏನನ್ನೂ ತಂದ ನೆನಪಿಲ್ಲ. ಕೈಗೆ ಸಾಮಾನು ಕೊಟ್ಟ ಒಂದೇ ಗಂಟೆ ಅದಕ್ಕಿಂತ ಮೇಲು.

ಹಾಗಾಗಿ ನಾವು ಅಕ್ಕಪಕ್ಕದ ಮೂರು ಶಾಲೆಯವರು ತಿಂಗಳಿಗೊಮ್ಮೆ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಒಂದೆಡೆ ಸೇರುತ್ತೇವೆ. ಪ್ರತಿಯೊಬ್ಬರೂ ತಮಗೆ ಕಷ್ಟವಾದ ಒಂದು ಪಾಠವನ್ನು ತರಬೇಕು. ಗಣಿತದ ಸರ್‌ಗೆ ನಾನು ಈರುಳ್ಳಿ ಸಿಪ್ಪೆಯ ಸ್ಲೈಡ್ ಮಾಡುವುದನ್ನು ಕಲಿಸಿದೆ, ಅವರು ನನಗೆ ಮಸೂರದ ಕಿರಣಚಿತ್ರ ಕಲಿಸಿದರು. ಅರವಿಂದ ಗುಪ್ತಾ ಅವರ ಆಟಿಕೆಗಳ ತಾಣದಿಂದ ಕಸದಲ್ಲಿ ಮಾಡುವ ಪ್ರಯೋಗಗಳನ್ನು ಆರಿಸಿಕೊಳ್ಳುತ್ತೇವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಹಳೆಯ ಸಂಚಿಕೆಗಳನ್ನು ಹಂಚಿಕೊಂಡು ಓದುತ್ತೇವೆ. ವಿಜ್ಞಾನವನ್ನು ಇಷ್ಟು ತಿಳಿಯಾದ ಕನ್ನಡದಲ್ಲಿ ಹೇಳಬಹುದೆಂದು ನನಗೆ ತೋರಿಸಿಕೊಟ್ಟದ್ದೇ ಅದು.

ಈ ಸಲದ ಸರದಿ ನೆರಳಿನದು. ನಮ್ಮ ಅಕ್ಷಾಂಶಕ್ಕೆ ಆಗಸ್ಟ್ 7ರ ಆಸುಪಾಸಿನಲ್ಲಿ ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಮೇ ತಿಂಗಳಲ್ಲಿಯೂ ಒಮ್ಮೆ ಹೀಗಾಗುತ್ತದೆ, ಆದರೆ ಆಗ ಶಾಲೆಗೆ ರಜೆ. ಮೂರೂ ಶಾಲೆಯ ಅಂಗಳದಲ್ಲಿ ಕೋಲು ನೆಟ್ಟಾಗಿದೆ. ಮೋಡ ಬಿಟ್ಟುಕೊಟ್ಟರೆ ಸಾಕು.